ನಾಲ್ಕು ತಂತಿ, ನಾಲ್ಕು ಊರು: ನಿಮ್ಮ ಕೈಗೆ ಒಗ್ಗುವ ಬೇಸ್ ಗಿಟಾರ್ ಯಾವುದು?

ಮೊದಲು ಒಂದು ಸಣ್ಣ ಪರೀಕ್ಷೆ. ಶಂಕರ್‌ನಾಗ್ ಅವರ ‘ಗೀತಾ’ (1981) ಸಿನಿಮಾದಲ್ಲಿ ಎಸ್‌ಪಿಬಿ, ಎಸ್. ಜಾನಕಿ ಹಾಡಿರೋ ಆ ಫೇಮಸ್ ಯುಗಳಗೀತೆ ನಿಮಗೆ ಗೊತ್ತೇ ಇರುತ್ತೆ. ಅದನ್ನ ಒಂದ್ಸಲ ಫೋನಿನ ಸ್ಪೀಕರ್‌ನಲ್ಲೇ ಕೇಳಿ. ಆಮೇಲೆ ಒಳ್ಳೇ ಇಯರ್‌ಫೋನ್ ಹಾಕ್ಕೊಂಡು ಇನ್ನೊಂದ್ಸಲ ಕೇಳಿ. ಎರಡನೇ ಸಲ ಹಾಡಿನ ಕೆಳಗಡೆ ಇನ್ಯಾರೋ ಓಡಾಡ್ತಿದ್ದಾರೆ ಅನ್ನಿಸ್ತಲ್ವಾ? ಅದೇ ಬೇಸ್ ಗಿಟಾರ್. ಮೊದಲ ಸಲವೂ ಅದು ಹಾಡಲ್ಲಿ ಇತ್ತು, ಫೋನು ನಿಮಗೆ ಕೇಳಿಸಲಿಲ್ಲ ಅಷ್ಟೆ.

ಬೇಸ್‌ನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ತಗ್ಗಿನ ಸ್ವರ ಹೊರಡಿಸುವ ತಾಕತ್ತು ಫೋನಿನ ಪುಟಾಣಿ ಸ್ಪೀಕರ್‌ಗಿಲ್ಲ. ಅದರ ಜೊತೆಗೇ ಹುಟ್ಟುವ ಮೇಲಿನ ಸ್ವರಗಳನ್ನಷ್ಟೇ ಕೇಳಿಸಿಕೊಂಡು, ಮೂಲ ಸ್ವರ ಇಂಥದ್ದಿರಬೇಕು ಅಂತ ನಮ್ಮ ಮಿದುಳೇ ಊಹಿಸಿಕೊಳ್ಳುತ್ತದೆ. ಹೀಗೆ ಕಣ್ಣಿಗೂ ಬೀಳದ, ಕಿವಿಗೂ ಅರ್ಧಂಬರ್ಧ ಸಿಗುವ ವಾದ್ಯವೊಂದನ್ನು ಕೊಳ್ಳಲು ನಾನು ಹೊರಟಿದ್ದೆ. ಅದೂ ಎಡಗೈ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು.

ನನ್ನದು ಹೊಸಪೇಟೆ. ಕೆಲಸ ಬೆಂಗಳೂರಲ್ಲಿ, ದಿನಕ್ಕೆ ಒಂಬತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ. ಶನಿವಾರ ಬಂದ್ರೆ ಗೆಳೆಯರ ಬ್ಯಾಂಡಿನಲ್ಲಿ ಬೇಸ್ ನುಡಿಸ್ತೀನಿ. ನಾಲ್ಕು ವರ್ಷದಿಂದ ಸಾಲ ತಂದ ಗಿಟಾರಿನಲ್ಲೇ ಕಾಲ ತಳ್ಳಿದ್ದೆ. ಈ ಸಲದ ಬೋನಸ್‌ನಲ್ಲಿ ₹60 ಸಾವಿರ ಎತ್ತಿಟ್ಟು, ಐದು ತಂತಿಯ ದೊಡ್ಡ ಗಿಟಾರೇ ತಗೋಬೇಕು ಅಂತ ತೀರ್ಮಾನ ಮಾಡಿಯೂ ಆಗಿತ್ತು. ಅಷ್ಟರಲ್ಲಿ ಮಣಿಕಟ್ಟು ನೋಯೋಕೆ ಶುರುವಾಯ್ತು. ಡಾಕ್ಟರ್ ನೋಡಿ, “ಟೈಪಿಂಗೋ ಗಿಟಾರೋ, ಎರಡರಲ್ಲಿ ಒಂದನ್ನ ಕಡಿಮೆ ಮಾಡಿ” ಅಂದ್ರು. ಟೈಪಿಂಗ್ ಕಡಿಮೆ ಮಾಡಿದ್ರೆ ಬಾಡಿಗೆ ಯಾರು ಕಟ್ತಾರೆ?

ದುಡ್ಡು ಹಾಗೇ ಬ್ಯಾಂಕಿನಲ್ಲಿಟ್ಟು, ಯುಗಾದಿಗೆ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಬಂದೆ. ಅಲ್ಲಿದ್ದ ವಾರದಲ್ಲಿ ನಮ್ಮ ಸುತ್ತಲಿನ ನಾಲ್ಕು ಊರಿನ ಬೇಸ್ ವಾದಕರನ್ನು ಒಂದೇ ಪ್ರಶ್ನೆ ಕೇಳಿದೆ: “ನೀವು ಈ ಗಿಟಾರನ್ನೇ ಯಾಕೆ ಹಿಡಿದ್ರಿ?” 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗಿ ಹೊಸಪೇಟೆ, ಹಂಪಿ ಆ ಕಡೆಗೂ, ಸಂಡೂರು, ಕಂಪ್ಲಿ ಬಳ್ಳಾರಿ ಕಡೆಗೂ ಹೋದವು. ಆದ್ರೆ ವಾದ್ಯದವರ ಬಳಗ ಈಗಲೂ ಒಂದೇ. ಒಬ್ಬರಿಗೆ ಫೋನ್ ಮಾಡಿದ್ರೆ ಇನ್ನಿಬ್ಬರ ನಂಬರ್ ಸಿಗುತ್ತೆ.

ಹೊಸಪೇಟೆ: ಮಾಮ ಮಾರಿದ ಗಿಟಾರು

ಮೊದಲನೆಯವರು ನನ್ನ ಸೋದರಮಾಮ. ತೊಂಬತ್ತರ ದಶಕದಲ್ಲಿ ಊರಿನ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸ್ತಿದ್ರು. ಗಣೇಶನ ಹಬ್ಬ, ಜಾತ್ರೆ, ಮದುವೆ ಹಿಂದಿನ ರಾತ್ರಿಯ ರಸಮಂಜರಿ, ಎಲ್ಲಕ್ಕೂ ಟೆಂಪೋ ಹತ್ತಿ ಹೋಗ್ತಿದ್ರು. ಈಗ ಅವರದು ಎಲೆಕ್ಟ್ರಿಕಲ್ ರಿಪೇರಿ ಅಂಗಡಿ.

“ನಿಮ್ಮ ಗಿಟಾರ್ ಹೆಂಗಿತ್ತು ಮಾಮ?” ಅಂದೆ.

“ಆರಿಸಾಕ ಎಲ್ಲಿತ್ತವ್ವ ಆಗ? ಅಂಗಡ್ಯಾಗ ಒಂದಾ ಇತ್ತು, ಅದನ್ನಾ ತಂದೆ. ತಂತಿ ಎಷ್ಟು ಎತ್ತರ ಇದ್ದವು ಅಂದ್ರ, ಅದರ ಕೆಳಗ ಬೆರಳು ತೂರ್ತಿತ್ತು. ಒತ್ತಿ ಒತ್ತಿ ಬೆರಳ ತುದಿ ಕಲ್ಲಾಗಿ ಹೋಗಿತ್ತು ನೋಡು.”

ಇಳಯರಾಜ ಸಂಗೀತ ಕೊಟ್ಟ ಎರಡು ಕನ್ನಡ ಸಿನಿಮಾ ಅವರ ಪಾಲಿಗೆ ಪಠ್ಯಪುಸ್ತಕ. ಒಂದು ‘ಗೀತಾ’, ಇನ್ನೊಂದು ಮಣಿರತ್ನಂ ಅವರ ಮೊದಲ ಚಿತ್ರ ‘ಪಲ್ಲವಿ ಅನುಪಲ್ಲವಿ’ (1983). ಟೇಪ್ ಹಾಕಿ, ರಿವೈಂಡ್ ಮಾಡಿ, ಬೇಸ್ ಎಲ್ಲಿ ಹೋಗುತ್ತೆ ಅಂತ ಹುಡುಕಿ ಕಲಿತವರು ಅವರು. ಆ ಹಾಡುಗಳಲ್ಲಿ ಬೇಸ್ ಸುಮ್ಮನೆ ತಾಳ ಕುಟ್ಟಿಕೊಂಡು ಕೂರಲ್ಲ, ಗಾಯಕರ ಜೊತೆ ತಾನೂ ಒಂದು ರಾಗ ಹೇಳುತ್ತೆ.

ಆಮೇಲೆ ತಾಳ, ಬೇಸ್ ಎರಡನ್ನೂ ತಾನೇ ನುಡಿಸುವ ಕೀಬೋರ್ಡ್ ಬಂತು. ಎಡಗೈಲಿ ಒಂದು ಕಾರ್ಡ್ ಹಿಡಿದ್ರೆ ಸಾಕು, ಬೇಸ್ ತಾನಾಗಿ ಕೇಳಿಸ್ತದೆ. ಮಾಲೀಕರು ಲೆಕ್ಕ ಹಾಕಿದ್ರು: ಒಬ್ಬ ಮನುಷ್ಯ ಕಡಿಮೆ, ಟೆಂಪೋದಲ್ಲಿ ಒಂದು ಸೀಟು ಉಳಿತಾಯ. ಮುಂದಿನ ಸೀಸನ್‌ಗೆ ಮಾಮನಿಗೆ ಕರೆ ಬರಲಿಲ್ಲ. ಎರಡು ವರ್ಷ ಅಟ್ಟದ ಮೇಲಿದ್ದ ಗಿಟಾರನ್ನು ಕಾಲೇಜು ಹುಡುಗನೊಬ್ಬನಿಗೆ ಮಾರಿಬಿಟ್ರು.

“ರೊಕ್ಕದ ಅಡಚಣಿ ಏನ್ ಇರ್ಲಿಲ್ಲ,” ಅಂದ್ರು ಮಾಮ. “ಅಟ್ಟ ಹತ್ತಿದಾಗೆಲ್ಲ ಕಣ್ಣಿಗೆ ಬೀಳ್ತಿತ್ತು. ಅದಕ್ಕ ಕೊಟ್ಟೆ.”

ಮುಂದೆ ಏನು ಕೇಳ್ಬೇಕೋ ನನಗೆ ಗೊತ್ತಾಗಲಿಲ್ಲ. ಅತ್ತೆ ಮಂಡಕ್ಕಿ ಮಿರ್ಚಿ ತಂದಿಟ್ರು. ಇಬ್ಬರೂ ತಿಂದ್ವಿ.

ಕಂಪ್ಲಿ: ಜನರೇಟರ್ ಪಕ್ಕ ನಿಲ್ಲೋ ಗಿಟಾರು

ಕಂಪ್ಲಿಯ ಅಣ್ಣ ಭತ್ತದ ರೈತ. ನಾಟಿ, ಕೊಯ್ಲಿನ ನಡುವೆ ಸಿಗುವ ದಿನಗಳಲ್ಲಿ ಆರ್ಕೆಸ್ಟ್ರಾ. ತುಂಗಭದ್ರೆಯ ಆಚೆ ಗಂಗಾವತಿ ಕಡೆಗೂ ಹೋಗ್ತಾರೆ. ಕೀಬೋರ್ಡಿನ ಬೇಸ್ ಕೇಳಿ ಕೇಳಿ ಬೇಜಾರಾದ ಕೆಲವು ತಂಡಗಳು ಈಗ ಮತ್ತೆ ಮನುಷ್ಯರನ್ನು ಕರೀತಿವೆಯಂತೆ.

ಅವರ ಕೈಲಿರೋದು ‘ಪ್ರಿಸಿಷನ್’ ಮಾದರಿಯ ನಾಲ್ಕು ತಂತಿ ಗಿಟಾರ್. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ವಿನ್ಯಾಸ ಅದು. ಅದಕ್ಕೂ ಮುಂಚೆ ಬೇಸ್ ಅಂದ್ರೆ ಆಳೆತ್ತರದ, ನಿಂತುಕೊಂಡು ನುಡಿಸುವ ಡಬಲ್ ಬೇಸ್. ಅದರಲ್ಲಿ ಸ್ವರದ ಜಾಗವನ್ನ ಅಂದಾಜಿನ ಮೇಲೆ ಹಿಡೀಬೇಕು. ಫೆಂಡರ್ ಗಿಟಾರಿಗೆ ಫ್ರೆಟ್ ಇದ್ದಿದ್ದರಿಂದ ಸ್ವರ ಕರಾರುವಾಕ್ಕು. ‘ಪ್ರಿಸಿಷನ್’ ಅನ್ನೋ ಹೆಸರು ಬಂದಿದ್ದೇ ಹಾಗೆ.

ಅಣ್ಣನ ಕಾರಣ ಮಾತ್ರ ಪೂರ್ತಿ ಬೇರೆ. “ನಮ್ಮ ಸ್ಟೇಜಿನ ಹಿಂದ ಏನೈತಿ ಹೇಳು? ಜನರೇಟರ್. ಮೇಲೆ ಸೀರಿಯಲ್ ಲೈಟು. ಬಾಜೂಕ ಟ್ಯೂಬ್‌ಲೈಟು. ಬ್ಯಾರೆ ಗಿಟಾರ್ ತಗೊಂಡು ಹೋದ್ರ ಹಾಡು ಶುರುವಾಗೋ ಮುಂಚೇನೇ ‘ಝುಂಯ್’ ಅಂತೈತಿ. ಇದು ಬಾಯಿ ಮುಚ್ಕೊಂಡಿರ್ತೈತಿ.”

ಇದರ ಹಿಂದೆ ಸರಳ ವಿಜ್ಞಾನ ಇದೆ. ತಂತಿಯ ಕಂಪನವನ್ನು ವಿದ್ಯುತ್ತಾಗಿ ಬದಲಿಸೋ ಭಾಗಕ್ಕೆ ಪಿಕಪ್ ಅಂತಾರೆ: ಅಯಸ್ಕಾಂತ, ಅದರ ಸುತ್ತ ತಂತಿಯ ಸುರುಳಿ. ಒಂದೇ ಸುರುಳಿ ಇದ್ರೆ ಅದು ಸುತ್ತಲಿನ ಕರೆಂಟಿನ ಗಲಾಟೆಯನ್ನೂ ಹಿಡಿಯುತ್ತೆ. 1957ರಿಂದ ಪ್ರಿಸಿಷನ್‌ನಲ್ಲಿ ಸುರುಳಿ ಎರಡು ಭಾಗವಾಯ್ತು. ಒಂದು ಹಿಡಿದ ಗಲಾಟೆಯನ್ನು ಇನ್ನೊಂದು ಹೊಡೆದುಹಾಕುತ್ತೆ, ತಂತಿಯ ದನಿ ಮಾತ್ರ ಉಳಿಯುತ್ತೆ. 1960ರಲ್ಲಿ ಬಂದ ‘ಜಾಝ್ ಬೇಸ್’ ಮಾದರಿಯಲ್ಲಿ ಒಂದೊಂದು ಸುರುಳಿಯ ಎರಡು ಪಿಕಪ್ ಇರುತ್ತೆ. ಎರಡನ್ನೂ ಸಮ ಇಟ್ಟರೆ ಗಲಾಟೆ ಅಡಗುತ್ತೆ, ಒಂದನ್ನೇ ಇಟ್ಟರೆ ಮತ್ತೆ ಶುರು. ದನಿಯ ಬಣ್ಣ ಮಾತ್ರ ಜಾಝ್‌ನಲ್ಲಿ ಜಾಸ್ತಿ.

ಅಣ್ಣನ ತಂತಿಗಳೂ ಹಳೆಯವು. ಮೇಲ್ಮೈ ನುಣುಪಾಗಿರೋ ‘ಫ್ಲಾಟ್‌ವೂಂಡ್’ ತಂತಿ, ಹಾಕಿ ನಾಲ್ಕು ವರ್ಷ ಆಯ್ತಂತೆ. ಬದಲಾಯಿಸಲ್ವಾ ಅಂದ್ರೆ ನಕ್ಕರು. ಅವರಿಗೆ ದೊಡ್ಡ ಜೊತೆಗಾರರೇ ಇದ್ದಾರೆ. ಮೋಟೌನ್ ಸ್ಟುಡಿಯೋದ ಜೇಮ್ಸ್ ಜೇಮರ್ಸನ್ 1962ರ ಪ್ರಿಸಿಷನ್‌ನಲ್ಲಿ ಇಂಥದ್ದೇ ತಂತಿ ಹಾಕಿಕೊಂಡು, ಬಲಗೈಯ ತೋರುಬೆರಳೊಂದರಲ್ಲೇ ನೂರಾರು ಹಾಡು ನುಡಿಸಿದವರು. ತಂತಿ ತುಂಡಾಗದ ಹೊರತು ಬದಲಾಯಿಸ್ತಿರಲಿಲ್ಲ ಅನ್ನೋದು ಅವರ ಬಗ್ಗೆ ಪ್ರಸಿದ್ಧ ಮಾತು.

ಸಂಡೂರು: ಐದನೇ ತಂತಿಯ ಆಸೆ

ಸಂಡೂರಿನ ಗೆಳೆಯ ಗಣಿ ಕಡೆ ಎಂಜಿನಿಯರ್, ಕಿವಿ ಪೂರ್ತಿ ಮೆಟಲ್ ಸಂಗೀತಕ್ಕೆ ಅರ್ಪಣೆ. ನಾನು ಕೊಳ್ಳಬೇಕು ಅಂದುಕೊಂಡಿದ್ದ ಗಿಟಾರಿನಂಥದ್ದೇ ಅವನ ಹತ್ರ ಇದೆ. ಐದು ತಂತಿ, ‘ಆ್ಯಕ್ಟಿವ್’ ಸರ್ಕ್ಯೂಟ್. ಐದನೇ ತಂತಿ ಸೆಕೆಂಡಿಗೆ ಸುಮಾರು 31 ಸಲ ಕಂಪಿಸುತ್ತೆ. ಅವನ ರೂಮಿನಲ್ಲಿ ಅದನ್ನ ಮೀಟಿದಾಗ ಟೇಬಲ್ ಮೇಲಿದ್ದ ಚಾದ ಲೋಟ ನಡುಗಿತು. “ನೋಡೇ, ಇದಕ್ಕೇ ಕಣೆ ನಾನು ದುಡ್ಡು ಕೊಟ್ಟಿದ್ದು!” ಅಂದ.

ತಕ್ಷಣ ಕಷ್ಟಗಳನ್ನೂ ಅವನೇ ಹೇಳಿದ. ಒಂದು, ತೂಕ. ಅವನದು ನಾಲ್ಕೂವರೆ ಕಿಲೋ. ಎರಡು ಗಂಟೆ ನಿಂತು ನುಡಿಸಿದ್ರೆ ಹೆಗಲು ಕೂಗುತ್ತೆ. ಎರಡು, ಬ್ಯಾಟರಿ. ಆ್ಯಕ್ಟಿವ್ ಗಿಟಾರಿನ ಒಳಗೆ 9 ವೋಲ್ಟ್ ಬ್ಯಾಟರಿ ಇರುತ್ತೆ. ಕೇಬಲ್ ಚುಚ್ಚಿದ ಕೂಡಲೇ ಅದು ಆನ್. ರಾತ್ರಿ ಕೇಬಲ್ ತೆಗೆಯೋದು ಮರೆತು ಮಲಗಿದ್ರೆ ಬ್ಯಾಟರಿ ಸುಮ್ಮನೆ ಖರ್ಚಾಗುತ್ತೆ. ಮೂರು, ಸಂಡೂರಿನ ಕೆಂಧೂಳು. ವಾಲ್ಯೂಮ್ ತಿರುಪಿನ ಒಳಗೆ ಧೂಳು ಹೊಕ್ಕರೆ ‘ಕರ್ ಕರ್’ ಸದ್ದು. ಹಾಗಾಗಿ ನುಡಿಸಿದ ಮರುಕ್ಷಣ ಗಿಟಾರ್ ಚೀಲದೊಳಗೆ.

ಅವನ ಗಿಟಾರಿಗಿಂತ ನನಗೆ ಇಷ್ಟವಾಗಿದ್ದು ಅದರ ಪಟ್ಟಿ. ಸಂಡೂರಿನ ಲಂಬಾಣಿ ಕಸೂತಿಯ ಪಟ್ಟಿ ಅದು. ಈ ಕಸೂತಿಗೆ ಜಿಐ ಮಾನ್ಯತೆ ಇದೆ. 2023ರಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ ಇಲ್ಲಿನ ಹೆಣ್ಣುಮಕ್ಕಳ ಕೆಲಸವೇ ಗಿನ್ನೆಸ್ ದಾಖಲೆ ಬರೆದಿತ್ತು. ಕನ್ನಡಿ, ಕವಡೆ ಗಿಟಾರಿನ ಬೆನ್ನನ್ನು ಗೀರಬಾರದು ಅಂತ ಒಳಬದಿಗೆ ದಪ್ಪ ಚರ್ಮ ಹೊಲಿಸಿದ್ದಾನೆ. ಪಟ್ಟಿ ಅಗಲವಾಗಿದ್ದಷ್ಟೂ ಭಾರ ಹೆಗಲ ಮೇಲೆ ಹರಡಿಕೊಳ್ಳುತ್ತೆ. ಅಂದಕ್ಕೂ ಆಯ್ತು, ಹೆಗಲಿಗೂ ಆಯ್ತು.

ಅವನ ಗಿಟಾರನ್ನು ನಾನೂ ಹಾಕ್ಕೊಂಡೆ. ಹತ್ತೇ ನಿಮಿಷ. ಮಣಿಕಟ್ಟು ತನ್ನ ಅಭಿಪ್ರಾಯ ಹೇಳಿಬಿಟ್ಟಿತು.

ಹಂಪಿ: ಫ್ರೆಟ್ ಇಲ್ಲದ ದಾರಿ

ಹಂಪಿ, ಕಮಲಾಪುರದ ಹೋಟೆಲುಗಳಲ್ಲಿ ಸಂಜೆ ಹೊತ್ತು ಪ್ರವಾಸಿಗರಿಗೆ ನುಡಿಸುವ ಒಬ್ಬರನ್ನು ಕಂಡೆ. ದಾಸರ ಪದ ಹಾಡುವವರ ಜೊತೆ ಅವರ ಬೇಸ್. ಅವರ ಗಿಟಾರಿಗೆ ಫ್ರೆಟ್ಟೇ ಇಲ್ಲ, ಕತ್ತಿನ ಮರ ನುಣ್ಣಗೆ.

“ವೀಣೆಗೂ ಮೆಟ್ಟಿಲಿದಾವಲ್ರಿ, ಅದರಾಗ ಗಮಕ ಬರಲ್ವೇನು?” ಅಂತ ಕೆಣಕಿದೆ.

“ವೀಣೆ ತಂತಿ ಎಳೀಬಹುದು. ಇದು ಹಗ್ಗ ಇದ್ದಂಗ ಐತ್ರಿ, ಎಷ್ಟು ಎಳೀತೀರಿ? ಎಳೆಯೋ ಬದಲು ನಾನು ಜಾರಿಸ್ತೀನಿ.”

ನುಡಿಸಿ ತೋರಿಸಿದ್ರು. ಒಂದು ಸ್ವರದಿಂದ ಇನ್ನೊಂದಕ್ಕೆ ಬೆರಳು ಜಾರುವಾಗ ಮನುಷ್ಯರೇ ಹಾಡಿದಂತೆ ಕೇಳಿಸಿತು. 1976ರಲ್ಲಿ ತನ್ನದೇ ಹೆಸರಿನ ಆಲ್ಬಂ ತಂದ ಜಾಕೊ ಪಾಸ್ಟೋರಿಯಸ್, 1962ರ ಜಾಝ್ ಬೇಸ್‌ನ ಫ್ರೆಟ್‌ಗಳಿಲ್ಲದ ಕತ್ತಿನ ಮೇಲೆ ಈ ಹಾದಿಯನ್ನು ಜಗತ್ತಿಗೆ ತೋರಿಸಿದವರು. ಆದರೆ ಬೆರಳು ಕೂದಲೆಳೆ ಆಚೀಚೆ ಆದ್ರೂ ಶ್ರುತಿ ತಪ್ಪುತ್ತೆ. ಹೊಸಬರಿಗೆ ಇದು ಬೇಡ ಅನ್ನೋದು ಅವರದೇ ಸಲಹೆ.

ಮರುದಿನ ಬೆಳಗ್ಗೆ ವಿಜಯವಿಠ್ಠಲ ದೇವಸ್ಥಾನದ ಕಡೆ ನಡೆದೆ. ಸಂಗೀತದ ಕಂಬಗಳನ್ನು ಈಗ ಮುಟ್ಟುವ ಹಾಗಿಲ್ಲ, ದೂರದಿಂದಲೇ ನೋಡಿದೆ. ಹೊಳೆ ದಂಡೆಯ ಪುರಂದರ ಮಂಟಪದಲ್ಲಿ ಸ್ವಲ್ಪ ಹೊತ್ತು ಕೂತೆ. ತಂಬೂರಿಯ ನಾಲ್ಕು ತಂತಿಗಳಲ್ಲಿ ಕೊನೆಯದು ಮಂದ್ರ ಷಡ್ಜ. ಕಛೇರಿಯಲ್ಲಿ ಅದನ್ನು ಯಾರೂ ಹೊಗಳಲ್ಲ, ಅದು ನಿಂತರೆ ಮಾತ್ರ ಹಾಡುವವರು ತಿರುಗಿ ನೋಡ್ತಾರೆ. ಬೇಸ್ ನಮಗೆ ಹೊಸ ವಾದ್ಯ ಇರಬಹುದು. ಅದು ಮಾಡೋ ಕೆಲಸ ಮಾತ್ರ ನಮ್ಮ ಕಿವಿಗೆ ಹಳೇದು.

ಅಳತೆಪಟ್ಟಿ ಹಿಡಿದು ಕೂತಾಗ

ಮನೆಗೆ ಬಂದು ನನ್ನ ಎಡಗೈಯನ್ನು ಕಾಗದದ ಮೇಲಿಟ್ಟು ಗೆರೆ ಎಳೆದೆ. ಸಾಮಾನ್ಯ ಬೇಸ್ ಗಿಟಾರಿನ ಸ್ಕೇಲ್, ಅಂದ್ರೆ ಮೇಲಿನ ನಟ್‌ನಿಂದ ಕೆಳಗಿನ ಬ್ರಿಜ್ ತನಕ ಮಿಡಿಯುವ ತಂತಿಯ ಉದ್ದ, 34 ಇಂಚು. ‘ಶಾರ್ಟ್ ಸ್ಕೇಲ್’ ಅನ್ನೋದರಲ್ಲಿ ಸುಮಾರು 30 ಇಂಚು. ಒಂದನೇ ಫ್ರೆಟ್‌ನಿಂದ ನಾಲ್ಕನೇ ಫ್ರೆಟ್‌ಗೆ ಬೆರಳು ಚಾಚಬೇಕಾದ ದೂರ ಮೊದಲನೆಯದರಲ್ಲಿ ಸುಮಾರು 13 ಸೆಂಟಿಮೀಟರ್, ಎರಡನೆಯದರಲ್ಲಿ ಹನ್ನೊಂದೂವರೆ. ಒಂದೂವರೆ ಸೆಂಟಿಮೀಟರ್ ಏನು ಮಹಾ ಅನ್ನಬಹುದು. ಒಂದು ಹಾಡಿನಲ್ಲಿ ಇನ್ನೂರು ಸಲ ಚಾಚಿ ನೋಡಿ. ಜೊತೆಗೆ ತಂತಿಯ ಬಿಗಿಯೂ ಕಡಿಮೆ, ಒತ್ತೋಕೆ ಹಗುರ.

ನನಗಿದು ಮೊದಲೇ ಗೊತ್ತಿತ್ತು. ತಡೆದಿದ್ದು ಜಂಬ. ಬೆಂಗಳೂರಿನ ಅಂಗಡಿಯೊಂದರಲ್ಲಿ ಶಾರ್ಟ್ ಸ್ಕೇಲ್ ಕೇಳಿದಾಗ, “ಅದು ಮಕ್ಕಳದ್ದು ಮೇಡಂ” ಅಂದಿದ್ರು. ಆ ಮಾತು ಎದೆಯಲ್ಲಿ ಕೂತುಬಿಟ್ಟಿತ್ತು. ಆದ್ರೆ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಪಾಲ್ ಮೆಕಾರ್ಟ್ನಿ ಕೊಂಡ, ಪಿಟೀಲಿನ ಆಕಾರದ ಹೋಫ್ನರ್ ಬೇಸ್ ಕೂಡ ಶಾರ್ಟ್ ಸ್ಕೇಲೇ. ಅವರು ಅದನ್ನ ಆರಿಸಿದ್ದಕ್ಕೆ ದೊಡ್ಡ ಸಿದ್ಧಾಂತ ಏನಿಲ್ಲ: ಅಗ್ಗ, ಮತ್ತೆ ಎರಡೂ ಕಡೆ ಒಂದೇ ಆಕಾರ ಇದ್ದಿದ್ದರಿಂದ ಎಡಚರಾದ ಅವರ ಕೈಯಲ್ಲಿ ವಿಚಿತ್ರವಾಗಿ ಕಾಣ್ತಿರಲಿಲ್ಲ. ಆ ಗಿಟಾರ್ 1972ರಲ್ಲಿ ಕಳವಾಗಿ, ಮತ್ತೆ ಸಿಕ್ಕಿದ ಸುದ್ದಿ 2024ರಲ್ಲಿ ಬಂತು. ಐವತ್ತು ವರ್ಷ ದಾಟಿದ ಮೇಲೂ ಹುಡುಕಿಸಿದ್ದಾರೆ ಅಂದ್ರೆ ಅದು ‘ಮಕ್ಕಳ’ ಗಿಟಾರ್ ಆಗಿರೋಕೆ ಸಾಧ್ಯನಾ?

ಯೋಚಿಸಿದ್ರೆ ನಾಲ್ವರಲ್ಲಿ ಯಾರೂ ‘ಬೆಸ್ಟ್’ ಗಿಟಾರ್ ಹುಡುಕಿರಲಿಲ್ಲ. ಮಾಮನಿಗೆ ಆಯ್ಕೆಯೇ ಇರಲಿಲ್ಲ. ಕಂಪ್ಲಿಯ ಅಣ್ಣ ತನ್ನ ಸ್ಟೇಜು ನೋಡಿದ್ರು, ಸಂಡೂರಿನ ಗೆಳೆಯ ತನ್ನ ಕಿವಿ ಕೇಳಿದ, ಹಂಪಿಯವರು ಜೊತೆಗೆ ಹಾಡುವವರನ್ನು ಕೇಳಿದ್ರು. ನಾನು ನನ್ನ ಕೈಯನ್ನು ಕೇಳಬೇಕಿತ್ತು.

ಅಂಗಡಿಗೆ ಹೋಗುವ ಮುನ್ನ

ನೀವೂ ಮೊದಲ ಬೇಸ್ ಕೊಳ್ಳೋ ಯೋಚನೆಯಲ್ಲಿದ್ರೆ, ಈ ನಾಲ್ವರಿಂದ ನಾನು ಕಲಿತದ್ದು ಇಷ್ಟು:

* ಕೂತು ಮಾತ್ರ ನೋಡಬೇಡಿ. ಪಟ್ಟಿ ಹಾಕ್ಕೊಂಡು ಹದಿನೈದು ನಿಮಿಷ ನಿಂತು ನುಡಿಸಿ. ಕೈ ಬಿಟ್ಟಾಗ ಗಿಟಾರಿನ ತಲೆ ಕೆಳಗೆ ವಾಲಿದ್ರೆ, ದಿನವಿಡೀ ಅದನ್ನ ಎತ್ತಿ ಹಿಡಿಯೋ ಕೆಲಸ ನಿಮ್ಮ ಎಡಗೈದೇ.
* ಕತ್ತಿನ ಅಗಲ ನೋಡಿ. ಜಾಝ್ ಮಾದರಿಯಲ್ಲಿ ನಟ್ ಹತ್ತಿರ ಸುಮಾರು 38 ಮಿಲಿಮೀಟರ್, ಪ್ರಿಸಿಷನ್‌ನಲ್ಲಿ ಅದಕ್ಕಿಂತ ಅಗಲ. ಚಿಕ್ಕ ಕೈಗೆ ಈ ವ್ಯತ್ಯಾಸ ಗೊತ್ತಾಗುತ್ತೆ.
* ಐದನೇ ತಂತಿ ನಿಮ್ಮ ಹಾಡುಗಳಿಗೆ ಬೇಕಾ? ಹಳೇ ಕನ್ನಡ ಸಿನಿಮಾ ಹಾಡುಗಳ ಬಹುಪಾಲು ನಾಲ್ಕರಲ್ಲೇ ಮುಗಿಯುತ್ತೆ.
* ದುಡ್ಡೆಲ್ಲ ಗಿಟಾರಿಗೇ ಸುರೀಬೇಡಿ. ಸೆಟ್‌ಅಪ್‌ಗೆ, ಒಂದು ಸಣ್ಣ ಆಂಪ್ಲಿಫೈಯರ್‌ಗೆ ಉಳಿಸಿ. ಮಾಮನ ಬೆರಳು ಕಲ್ಲಾಗಿದ್ದು ತಂತಿಯ ಎತ್ತರ ಯಾರೂ ಸರಿಮಾಡಿ ಕೊಡದ್ದಕ್ಕೆ.
* ನಮ್ಮ ಕಡೆಯ ಬೇಸಿಗೆಯಲ್ಲಿ ಕಾರಿನೊಳಗೆ ಗಿಟಾರ್ ಬಿಟ್ಟು ಹೋಗಬೇಡಿ. ಮರದ ಕತ್ತು ಬಾಗುತ್ತೆ. ಅದರೊಳಗಿನ ಉಕ್ಕಿನ ಸರಳನ್ನು ತಿರುಗಿಸಿ ಸರಿ ಮಾಡಬಹುದು, ಆದ್ರೆ ಗೊತ್ತಿದ್ದವರ ಕೈಲೇ ಮಾಡಿಸಿ.
* ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ತಂತಿ ಒರೆಸಿ. ಬೆವರಿನ ಉಪ್ಪು ತಂತಿಯ ಆಯಸ್ಸು ತಿನ್ನುತ್ತೆ.
* ನೋವು ಬಂದ್ರೆ ಸಹಿಸ್ಕೊಂಡು ನುಡಿಸಬೇಡಿ. ಡಾಕ್ಟರ್ ಹತ್ರ ಹೋಗಿ.

ಬೀರುವಿಗೆ ಒರಗಿಸಿ

ಬೆಂಗಳೂರಿಗೆ ವಾಪಸ್ ಹೋಗಿ ನಾಲ್ಕು ತಂತಿಯ ಶಾರ್ಟ್ ಸ್ಕೇಲ್ ತಗೊಂಡೆ. ಎತ್ತಿಟ್ಟ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಉಳೀತು. ಮಣಿಕಟ್ಟು ಪೂರ್ತಿ ವಾಸಿಯಾಗಿಲ್ಲ. ವಾರಕ್ಕೆರಡು ದಿನ, ಇಪ್ಪತ್ತಿಪ್ಪತ್ತು ನಿಮಿಷ ನುಡಿಸ್ತೀನಿ, ವ್ಯಾಯಾಮ ಮಾಡ್ತೀನಿ. ಬ್ಯಾಂಡಿನವರು ಸದ್ಯಕ್ಕೆ ಎರಡೇ ಹಾಡಿಗೆ ನನ್ನ ಕರೀತಾರೆ. ಅದೂ ಪರವಾಗಿಲ್ಲ.

ಮುಂದಿನ ತಿಂಗಳು ಗಿಟಾರನ್ನೂ ರೈಲಿನಲ್ಲಿ ಊರಿಗೆ ಕರ್ಕೊಂಡು ಹೋದೆ. ಆಂಪ್ಲಿಫೈಯರ್ ಇರಲಿಲ್ಲ. ಮಾಮ ಚೀಲ ಬಿಚ್ಚಿ, ತಂತಿಯ ಎತ್ತರ ನೋಡಿದ್ರು, ಕತ್ತಿನುದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿದ್ರು. “ಹಗುರ ಐತಲ್ಲವ್ವ,” ಅಂದ್ರು. ಆಮೇಲೆ ಗಿಟಾರಿನ ತಲೆಯನ್ನು ಮರದ ಬೀರುವಿಗೆ ಒತ್ತಿ ಹಿಡಿದು ನಿಂತರು. ಹಂಗೆ ಹಿಡಿದ್ರೆ ಇಡೀ ಬೀರು ದನಿ ಕೊಡುತ್ತೆ, ಕರೆಂಟ್ ಹೋದಾಗ ಹಿಂಗೇ ಪ್ರಾಕ್ಟೀಸ್ ಮಾಡ್ತಿದ್ರಂತೆ.

ಮೊದಲ ಎರಡು ಸಲ ಬೆರಳು ತಪ್ಪಿತು. ಮೂರನೇ ಸಲ ‘ಗೀತಾ’ದ ಆ ಹಾಡಿನ ಬೇಸ್ ಬೀರುವಿನ ಒಳಗಿಂದ ಹೊರಟಿತು. ಬಾಗಿಲ ಗಾಜು ಸಣ್ಣಗೆ ಅದುರ್ತಿತ್ತು. ಮಾಮ ನನ್ನ ಕಡೆ ನೋಡಲಿಲ್ಲ, ಗೋಡೆ ಕಡೆ ಮುಖ ಮಾಡಿಕೊಂಡೇ ಚರಣದ ತನಕ ನುಡಿಸಿದ್ರು.

ಅಡುಗೆಮನೆಯಿಂದ ಅತ್ತೆ ಕೂಗಿದ್ರು: “ಏನ್ರಿ, ಆ ಬೀರುದಾಗ ಹಿತ್ತಾಳಿ ಪಾತ್ರೆ ಅದಾವ, ನಿಧಾನ!”

ಮಾಮ ನಿಲ್ಲಿಸಲಿಲ್ಲ. ನಾನೂ ನಿಲ್ಲಿಸಿ ಅನ್ನಲಿಲ್ಲ. ಗಿಟಾರ್ ಈ ತಿಂಗಳು ಹೊಸಪೇಟೆಯಲ್ಲೇ ಇದೆ.

(ನಿಮ್ಮ ಮನೆಯ ಅಟ್ಟದ ಮೇಲೂ ಹೀಗೊಂದು ವಾದ್ಯ ಇತ್ತಾ? ಯಾರದು, ಯಾಕೆ ಮೂಲೆ ಸೇರಿತು? ಓದುಗರ ಅಂಕಣಕ್ಕೆ ಬರೆದು ಕಳಿಸಿ.)